ಕೆಲ್ಪ್ ತೋಟದ ನೀರಿನಲ್ಲಿ ಯಾರ್ಯಾರಿದ್ದಾರೆ?

ಅಮೆರಿಕದ ಈಶಾನ್ಯ ತುದಿಯಲ್ಲಿರುವ ಮೇನ್ ರಾಜ್ಯದ ಲಾಬ್‌ಸ್ಟರ್ ಮೀನುಗಾರರಿಗೆ ಚಳಿಗಾಲ ಕಾಲಿಟ್ಟರೆ ಕೆಲಸ ಕಡಿಮೆ. ಬೋನುಗಳನ್ನು ದಡಕ್ಕೆ ತಂದು ಪೇರಿಸಿಟ್ಟ ಮೇಲೆ ಅವರಲ್ಲಿ ಕೆಲವರು ಅದೇ ದೋಣಿಯಲ್ಲಿ ಬೇರೊಂದು ಸರಕು ಹೊತ್ತು ಕಡಲಿಗೆ ಹೋಗುತ್ತಾರೆ. ಪ್ಲಾಸ್ಟಿಕ್ ಕೊಳವೆಗಳಿಗೆ ಒತ್ತಾಗಿ ಸುತ್ತಿದ ದಾರ ಅದು. ದಾರದ ಮೈತುಂಬ ಕಂದು ನವಿರು ಎದ್ದಂತೆ ಕಾಣುವುದೇ ಕೆಲ್ಪ್ ಎಂಬ ಕಡಲಕಳೆಯ ಸಸಿ. ಲಂಗರು ಹಾಕಿ, ತೇಲುಬುರುಡೆ ಕಟ್ಟಿ, ನೀರಿನ ಮಟ್ಟದಿಂದ ಸುಮಾರು ಎರಡು ಮೀಟರ್ ಕೆಳಗೆ ನಿಲ್ಲುವಂತೆ ಬಿಗಿದ ಉದ್ದನೆಯ ಹಗ್ಗಕ್ಕೆ ಈ ದಾರವನ್ನು ಸುತ್ತುತ್ತ ಹೋಗುತ್ತಾರೆ. ಅಲ್ಲಿಗೆ ಬಿತ್ತನೆ ಮುಗಿಯಿತು. ಗೊಬ್ಬರವಿಲ್ಲ, ಔಷಧಿ ಸಿಂಪಡಣೆಯಿಲ್ಲ, ನೀರು ಹಾಯಿಸುವ ಮಾತಂತೂ ಇಲ್ಲವೇ ಇಲ್ಲ. ಏಪ್ರಿಲ್, ಮೇ ಹೊತ್ತಿಗೆ ಆ ನವಿರು ಆಳುದ್ದದ ಕಂದು ಪಟ್ಟಿಗಳಾಗಿ ಬೆಳೆದು ಹಗ್ಗದಿಂದ ಜೋತುಬಿದ್ದಿರುತ್ತದೆ.

ಕೆಲವು ಸಲ ಹಾಗಾಗುವುದಿಲ್ಲ. ಒಂದೇ ನರ್ಸರಿಯಿಂದ ಬಂದ ದಾರ ಒಂದು ಕೊಲ್ಲಿಯಲ್ಲಿ ಹುಲುಸಾಗಿ ಬೆಳೆದರೆ ಪಕ್ಕದ ಕೊಲ್ಲಿಯಲ್ಲಿ ಬೋಳಾಗಿ ಉಳಿಯುತ್ತದೆ. ಎಲೆ ತೂತು ಬೀಳುತ್ತದೆ, ತುದಿ ಬಿಳಿಚಿ ಕೊಳೆಯುತ್ತದೆ. ಹೊಲದಲ್ಲಾದರೆ ರೈತ ಮಣ್ಣನ್ನು ಮುಟ್ಟಿ ನೋಡಿಯಾನು, ಎಲೆಯ ಹಿಂಬದಿ ತಿರುಗಿಸಿ ಹುಳು ಹುಡುಕಿಯಾನು. ಕೆಲ್ಪ್ ಬೆಳೆಗಾರನ ಹೊಲ ದಿನಕ್ಕೆ ಎರಡು ಸಲ ಉಬ್ಬರವಿಳಿತದ ಜೊತೆ ಬಂದು ಹೋಗುತ್ತಿರುತ್ತದೆ. ಬೆಳೆಯನ್ನು ಸಾಕುವುದೂ ಆ ನೀರೇ, ಕೆಡಿಸುವವರನ್ನು ಹೊತ್ತು ತರುವುದೂ ಆ ನೀರೇ. ಹಾಗಾದರೆ ಆ ನೀರಿನಲ್ಲಿ ಏನಿದೆ?

ಒಂದು ಟೀ ಚಮಚದಷ್ಟು ಕಡಲನೀರಿನಲ್ಲಿ ಸುಮಾರು 50 ಲಕ್ಷ ಬ್ಯಾಕ್ಟೀರಿಯಾಗಳಿರುತ್ತವೆ. ವೈರಸ್‌ಗಳು ಅದರ ಹತ್ತು ಪಟ್ಟು. ಇವುಗಳ ಗುರುತು ಹಿಡಿಯಲು ವಿಜ್ಞಾನಿಗಳು ಈಗ ನೆಚ್ಚಿಕೊಂಡಿರುವ ಉಪಾಯದ ಹೆಸರು ಪರಿಸರ ಡಿಎನ್‌ಎ, ಚುಟುಕಾಗಿ ಇ-ಡಿಎನ್‌ಎ. ಜೀವಿಯನ್ನು ಹಿಡಿಯದೆ, ಕಣ್ಣಿಂದ ನೋಡದೆ, ಅದು ಇರುವ ನೀರು, ಮಣ್ಣು ಅಥವಾ ಗಾಳಿಯಲ್ಲಿ ಸಿಗುವ ಡಿಎನ್‌ಎಯನ್ನು ಓದಿ ಇಲ್ಲಿ ಯಾರಿದ್ದಾರೆ ಎಂದು ಹೇಳುವ ವಿದ್ಯೆ ಇದು. ಕೋವಿಡ್ ಕಾಲದಲ್ಲಿ ಬೆಂಗಳೂರಿನ ಕೊಳಚೆನೀರು ಸಂಸ್ಕರಣಾ ಘಟಕಗಳಿಂದ ಮಾದರಿ ತೆಗೆದು ವೈರಸ್ಸಿನ ಆರ್‌ಎನ್‌ಎ ಹುಡುಕಿದ್ದು ಹಲವರಿಗೆ ನೆನಪಿರಬಹುದು. ಯಾವ ಮನೆಯ ಯಾರ ಮೂಗಿಗೂ ಕಡ್ಡಿ ಹಾಕದೆ ಇಡೀ ಬಡಾವಣೆಯಲ್ಲಿ ಸೋಂಕು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಅಂದಾಜು ಮಾಡಲು ಅದರಿಂದ ಸಾಧ್ಯವಾಯಿತು. ಕೆಲ್ಪ್ ತೋಟದಲ್ಲಿ ಮಾಡುವುದೂ ಅದೇ ಕುಲದ ಕೆಲಸ.

ಕೆಲ್ಪ್ ನೋಡಲು ಗಿಡದಂತಿದ್ದರೂ ಗಿಡವಲ್ಲ. ಅದು ಕಂದು ಪಾಚಿ. ವಂಶಾವಳಿ ತೆಗೆದರೆ ನಮ್ಮ ತೆಂಗು, ಬಾಳೆಗಿಂತ ಕಣ್ಣಿಗೆ ಕಾಣದ ಡಯಾಟಮ್ ಎಂಬ ಪಾಚಿಗಳಿಗೆ ಹತ್ತಿರದ ನೆಂಟ. ಬೇರಿಲ್ಲ, ಬೇರಿನಂತೆ ಕಾಣುವುದು ಬಂಡೆಯನ್ನೋ ಹಗ್ಗವನ್ನೋ ಹಿಡಿದುಕೊಳ್ಳುವ ಬರೀ ಹಿಡಿಕೆ. ಬೇಕಾದ ಪೋಷಕಾಂಶವನ್ನೆಲ್ಲ ಮೈಯಿಂದಲೇ ಹೀರಿಕೊಳ್ಳುತ್ತದೆ. ತಣ್ಣೀರಿನ ಜೀವಿಯಾದ್ದರಿಂದ ಭಾರತದ ಬೆಚ್ಚನೆಯ ಕರಾವಳಿಯಲ್ಲಿ ಬೆಳೆಯುವುದಿಲ್ಲ. ಹಾಗೆಂದು ಅದರ ಪರಿಚಯ ನಮಗೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಐಸ್‌ಕ್ರೀಮಿನೊಳಗೆ ಹರಳುಗಟ್ಟದಂತೆ ತಡೆಯುವ, ದಂತವೈದ್ಯರು ಹಲ್ಲಿನ ಅಚ್ಚು ತೆಗೆಯಲು ಬಾಯಿಗೆ ಇಡುವ ಲೋಳೆಯಂಥ ಮುದ್ದೆಯಲ್ಲಿರುವ ಆಲ್ಜಿನೇಟ್ ಕಂದು ಪಾಚಿಗಳ ಕೋಶಗೋಡೆಯಿಂದಲೇ ಬರುತ್ತದೆ. ಬ್ರಿಟಿಷ್ ರಸಾಯನಶಾಸ್ತ್ರಜ್ಞ ಇ. ಸಿ. ಸಿ. ಸ್ಟ್ಯಾನ್‌ಫರ್ಡ್ ಅದನ್ನು ಬೇರ್ಪಡಿಸಿ ತೋರಿಸಿದ್ದು 1881ರಲ್ಲಿ. ಅದಕ್ಕೂ ಮೊದಲೇ, 1811ರಲ್ಲಿ, ಫ್ರಾನ್ಸಿನ ಬರ್ನಾರ್ಡ್ ಕೋರ್ತ್ವಾ ಅಯೋಡಿನ್ ಕಂಡುಹಿಡಿದದ್ದು ಕಡಲಕಳೆ ಸುಟ್ಟ ಬೂದಿಯಲ್ಲಿ. ಆಲ್ಜಿನೇಟ್, ಅಯೋಡಿನ್ ಎರಡೂ ಈ ಕಥೆಯಲ್ಲಿ ಮುಂದೆ ಮತ್ತೆ ಬರುತ್ತವೆ.

ಜಗತ್ತಿನಲ್ಲಿ ವರ್ಷಕ್ಕೆ 3.5 ಕೋಟಿ ಟನ್ನಿಗೂ ಹೆಚ್ಚು ಹಸಿ ಕಡಲಕಳೆಯನ್ನು ಬೇಸಾಯ ಮಾಡಿ ಬೆಳೆಯುತ್ತಾರೆ. ಅರ್ಧಕ್ಕಿಂತ ಹೆಚ್ಚು ಪಾಲು ಚೀನಾದ್ದು. ಜಪಾನಿನವರು ಕೊಂಬು ಎಂದೂ ಚೀನೀಯರು ಹೈದಾಯ್ ಎಂದೂ ಕರೆಯುವ ಕೆಲ್ಪ್ ಒಂದೇ 1 ಕೋಟಿ ಟನ್ ಮೀರುತ್ತದೆ. ಈ ಲೆಕ್ಕದ ಮುಂದೆ ಮೇನ್ ರಾಜ್ಯದ ಬೇಸಾಯ ಕೈತೋಟವಿದ್ದಂತೆ. ಆದರೆ ತೋಟದ ಪಕ್ಕದಲ್ಲೇ ಪ್ರಯೋಗಾಲಯಗಳಿರುವುದು ಅಲ್ಲಿನ ಅನುಕೂಲ. ಜೊತೆಗೆ ಮೇನ್ ಕೊಲ್ಲಿ ಜಗತ್ತಿನಲ್ಲೇ ಅತಿ ವೇಗವಾಗಿ ಬಿಸಿಯಾಗುತ್ತಿರುವ ಕಡಲಭಾಗಗಳಲ್ಲಿ ಒಂದು. ಅಲ್ಲಿ ಬೆಳೆಯುವ ಶುಗರ್ ಕೆಲ್ಪ್‌ಗೆ ಬಿಸಿನೀರು ಆಗಿಬರುವುದಿಲ್ಲ. ನೀರಿನಲ್ಲಿರುವ ಅನೇಕ ಬ್ಯಾಕ್ಟೀರಿಯಾಗಳಿಗೆ ಅದು ಬಲು ಇಷ್ಟ.

ತೊಂದರೆ ಕಡಲಿಗೆ ಇಳಿಯುವ ಮೊದಲೇ ಶುರುವಾಗಬಹುದು. ಕೆಲ್ಪ್‌ಗೆ ಬೀಜವಿಲ್ಲ. ಬಲಿತ ಎಲೆಯ ಮೇಲೆ ಕಡುಬಣ್ಣದ ಪಟ್ಟೆ ಮೂಡುತ್ತದೆ, ಅದರಲ್ಲಿ ಲೆಕ್ಕವಿಲ್ಲದಷ್ಟು ಬೀಜಕಗಳಿರುತ್ತವೆ. ನರ್ಸರಿಯವರು ಆ ಭಾಗ ಕತ್ತರಿಸಿ, ಒರೆಸಿ, ತೆಳು ಅಯೋಡಿನ್ ದ್ರಾವಣದಲ್ಲಿ ಅದ್ದಿ ತೊಳೆದು, ತಂಪು ಕತ್ತಲಲ್ಲಿ ಒಂದು ರಾತ್ರಿ ಒಣಗಲು ಬಿಡುತ್ತಾರೆ. ಮಾರನೆಯ ದಿನ ತಣ್ಣನೆಯ ಕಡಲನೀರಿಗೆ ಹಾಕಿದರೆ ಬೀಜಕಗಳು ಹೊರಬಿದ್ದು ನೀರೆಲ್ಲ ಕಂದಾಗುತ್ತದೆ. ಬಾಲ ಬೀಸುತ್ತ ಈಜುವ ಈ ಬೀಜಕಗಳು ದಾರಕ್ಕೆ ಅಂಟಿಕೊಂಡು, ಕಣ್ಣಿಗೆ ಕಾಣದಷ್ಟು ಸಣ್ಣ ಗಂಡು, ಹೆಣ್ಣು ಎಳೆಗಳಾಗಿ ಬೆಳೆದು, ಅವು ಕೂಡಿದ ಮೇಲೆ ನಾವು ಕೆಲ್ಪ್ ಎಂದು ಗುರುತಿಸುವ ಸಸಿ ಹುಟ್ಟುತ್ತದೆ. ನಾಲ್ಕರಿಂದ ಆರು ವಾರಗಳ ಈ ಬಾಣಂತನದಲ್ಲಿ ನೀರಿನೊಳಗೆ ನುಸುಳಿದ ಡಯಾಟಮ್‌ಗಳು ದಾರವನ್ನೆಲ್ಲ ಆವರಿಸಿ ಸಸಿಗಳನ್ನು ಉಸಿರು ಕಟ್ಟಿಸಬಲ್ಲವು. ಅವುಗಳಿಗೆ ಸಿಲಿಕಾ ಚಿಪ್ಪು ಕಟ್ಟಿಕೊಳ್ಳಲು ಆಗದಂತೆ ಮಾಡುವ ಜರ್ಮೇನಿಯಂ ಡೈಆಕ್ಸೈಡನ್ನು ನರ್ಸರಿಗಳಲ್ಲಿ ಬಳಸುವುದು ಅದಕ್ಕೇ.

ಬ್ಯಾಕ್ಟೀರಿಯಾಗಳ ಹಾವಳಿ ಇದಕ್ಕಿಂತ ಕಷ್ಟದ್ದು. ಜಪಾನಿನ ಕೆಲ್ಪ್ ನರ್ಸರಿಗಳಲ್ಲಿ ದಾರದ ಮೇಲೆ ಕೆಂಪು ಕಲೆ ಕಾಣಿಸಿ ಸಸಿಗಳು ಉದುರಿಹೋಗುವ ರೋಗವಿತ್ತು. ಹುಡುಕಿದಾಗ ಸಿಕ್ಕದ್ದು ಸೂಡೋಆಲ್ಟೆರೋಮೊನಾಸ್ ಎಂಬ ಕುಲದ, ಕೆಂಪು ಬಣ್ಣ ಸ್ರವಿಸುವ ಬ್ಯಾಕ್ಟೀರಿಯಾ. ಚೀನಾದ ಬೇಸಿಗೆ ನರ್ಸರಿಗಳಲ್ಲಿ ಸಸಿಗಳು ಸೊಟ್ಟಪಟ್ಟಗಾಗಿ ಹುಟ್ಟುವ ಇನ್ನೊಂದು ಪಿಡುಗಿನ ಹಿಂದೆ ಸಲ್ಫೇಟ್ ತಿಂದು ಹೈಡ್ರೋಜನ್ ಸಲ್ಫೈಡ್ ಬಿಡುವ ಬ್ಯಾಕ್ಟೀರಿಯಾಗಳಿವೆ ಎಂದು ಪತ್ತೆಯಾಯಿತು. ಕಡಲಲ್ಲಿ ಬೆಳೆದ ಎಲೆಗಳನ್ನು ತೂತು ಮಾಡಿ ಕೊಳೆಸುವ ರೋಗದಲ್ಲೂ ಸೂಡೋಆಲ್ಟೆರೋಮೊನಾಸ್ ಹೆಸರು ಬರುತ್ತದೆ. ಆಲ್ಜಿನೇಟನ್ನು ಕತ್ತರಿಸುವ ಕಿಣ್ವ ಈ ಗುಂಪಿನ ಹಲವರ ಹತ್ತಿರ ಇದೆ. ಕೆಲ್ಪ್‌ನ ಗೋಡೆಯೇ ಆಲ್ಜಿನೇಟ್ ಆಗಿರುವಾಗ ಮನೆ ಮುರಿಯಲು ಇನ್ನೇನು ಬೇಕು?

ಹಾಗಂತ ಕೆಲ್ಪ್ ಸುಮ್ಮನೆ ತಿನ್ನಿಸಿಕೊಳ್ಳುವ ಜೀವಿಯೂ ಅಲ್ಲ. ಬ್ಯಾಕ್ಟೀರಿಯಾ ಗೋಡೆ ಕಡಿದಾಗ ಉದುರುವ ಆಲ್ಜಿನೇಟ್ ತುಣುಕುಗಳೇ ಕೆಲ್ಪ್‌ಗೆ ಅಪಾಯದ ಸೂಚನೆ. ತುಣುಕು ಸೋಕಿದ ಕೆಲವೇ ನಿಮಿಷಗಳಲ್ಲಿ ಅದು ಹೈಡ್ರೋಜನ್ ಪೆರಾಕ್ಸೈಡ್‌ನಂಥ ತೀಕ್ಷ್ಣ ಆಮ್ಲಜನಕ ಸಂಯುಕ್ತಗಳನ್ನು ಹೊರಕ್ಕೆ ಉಗುಳುತ್ತದೆ. ಲ್ಯಾಮಿನೇರಿಯಾ ಎಂಬ ಕೆಲ್ಪ್ ಮೇಲೆ ಯುರೋಪಿನ ವಿಜ್ಞಾನಿಗಳು ಇದನ್ನು ಸ್ಪಷ್ಟವಾಗಿ ತೋರಿಸಿದ್ದಾರೆ. ಕಡಲನೀರಿನಿಂದ ಹೀರಿ ಮೈಯಲ್ಲಿ ಕೂಡಿಟ್ಟುಕೊಂಡ ಅಯೋಡೈಡ್ ಕೂಡ ಈ ಹೊತ್ತಿಗೆ ಕೆಲಸಕ್ಕೆ ಬರುತ್ತದೆ. ಬೀಜಕದ ಎಲೆಯನ್ನು ನರ್ಸರಿಯವರು ಅಯೋಡಿನ್‌ನಲ್ಲಿ ತೊಳೆಯುತ್ತಾರಲ್ಲ, ಕೆಲ್ಪ್ ಅದೇ ಧಾತುವನ್ನು ತನ್ನ ರಕ್ಷಣೆಗೆ ಬಹಳ ಹಿಂದಿನಿಂದಲೂ ಬಳಸುತ್ತ ಬಂದಿದೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಕೆಲ್ಪ್ ಮೈಮೇಲಿನ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ರೋಗ ತರುವವಲ್ಲ. ಒಂದು ಚದರ ಸೆಂಟಿಮೀಟರ್ ಎಲೆಯ ಮೇಲೆ ಲಕ್ಷ, ಕೋಟಿಗಳ ಲೆಕ್ಕದಲ್ಲಿ ಅವು ವಾಸ ಮಾಡುತ್ತವೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಟಾಟೂಶ್ ದ್ವೀಪದ ಸುತ್ತಲಿನ ಕೆಲ್ಪ್‌ಗಳನ್ನು ಪರೀಕ್ಷಿಸಿದಾಗ ಎಲೆಯ ಮೇಲಿನ ಸಮುದಾಯವೇ ಬೇರೆ, ಸುತ್ತಲಿನ ನೀರಿನಲ್ಲಿರುವ ಸಮುದಾಯವೇ ಬೇರೆ ಎಂದು ಕಂಡುಬಂತು. ಗ್ರಾನ್ಯುಲೋಸಿಕಾಕಸ್ ಎಂಬ ಕುಲ ಆರೋಗ್ಯವಂತ ಕೆಲ್ಪ್‌ಗಳ ಮೇಲೆ ಮತ್ತೆ ಮತ್ತೆ ಸಿಗುತ್ತದೆ. ಪಾಚಿಗಳ ಪೈಕಿ ಸುಮಾರು ಅರ್ಧದಷ್ಟಕ್ಕೆ ಹೊರಗಿನಿಂದ ವಿಟಮಿನ್ ಬಿ12 ಬೇಕು. ಅದನ್ನು ತಯಾರಿಸಬಲ್ಲದ್ದು ಬ್ಯಾಕ್ಟೀರಿಯಾ ಮತ್ತು ಅವುಗಳ ಹತ್ತಿರದ ಸೂಕ್ಷ್ಮಜೀವಿಗಳು ಮಾತ್ರ. ಕೆಲ್ಪ್ ಮೈಯಿಂದ ಜಿನುಗುವ ಸಕ್ಕರೆಯಂಥ ಲೋಳೆ ಬ್ಯಾಕ್ಟೀರಿಯಾಗಳಿಗೆ ಊಟ. ಕೊಡು-ಕೊಳ್ಳುವ ವ್ಯವಹಾರ ಇದು. ಆರೋಗ್ಯವಿದ್ದಷ್ಟು ದಿನ ಸರಿಯಾಗಿ ನಡೆಯುತ್ತದೆ, ಮೈ ಕೆಟ್ಟ ದಿನ ಅದೇ ಬಾಡಿಗೆದಾರರಲ್ಲಿ ಕೆಲವರು ಗೋಡೆ ಕೆರೆಯತೊಡಗುತ್ತಾರೆ.

ಆಸ್ಟ್ರೇಲಿಯಾದ ದಕ್ಷಿಣ ಕರಾವಳಿಯ ಉದ್ದಕ್ಕೂ ಎಕ್ಲೋನಿಯಾ ಎಂಬ ಕೆಲ್ಪ್‌ನ ಮೈಮೇಲಿನ ಬ್ಯಾಕ್ಟೀರಿಯಾಗಳನ್ನು ಹೋಲಿಸಿ ನೋಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಬೇರೆ ಬೇರೆ ಊರಿನ ಕೆಲ್ಪ್‌ಗಳ ಮೇಲೆ ಬೇರೆ ಬೇರೆ ಬ್ಯಾಕ್ಟೀರಿಯಾ ಇರುತ್ತವೆ ಎಂದುಕೊಂಡರೆ ಫಲಿತಾಂಶ ಬೇರೆಯೇ ಬಂತು. ಬ್ಯಾಕ್ಟೀರಿಯಾ ಸಮುದಾಯವನ್ನು ನಿರ್ಧರಿಸುವುದರಲ್ಲಿ ಊರಿಗಿಂತ ಕೆಲ್ಪ್‌ನ ಆರೋಗ್ಯದ ಪಾಲೇ ದೊಡ್ಡದಾಗಿತ್ತು. ಬಿಳಿಚಿಕೊಂಡ ಕೆಲ್ಪ್‌ನ ಮೇಲಿನ ಬ್ಯಾಕ್ಟೀರಿಯಾಗಳ ಪಟ್ಟಿಯನ್ನು ಅದೇ ಜಾಗದ ಆರೋಗ್ಯವಂತ ಕೆಲ್ಪ್‌ನ ಪಟ್ಟಿಯಿಂದ ಬೇರ್ಪಡಿಸಿ ಹೇಳಬಹುದಾಗಿತ್ತು. ಪಟ್ಟಿ ನೋಡಿ ಆರೋಗ್ಯ ಹೇಳಬಹುದು ಎಂಬ ಆಸೆ ಚಿಗುರಿದ್ದು ಇಂಥ ಫಲಿತಾಂಶಗಳಿಂದ.

ಪಟ್ಟಿ ಮಾಡುವುದು ಮಾತ್ರ ಬಹುಕಾಲ ಆಗದ ಕೆಲಸವಾಗಿತ್ತು. ಹಳೆಯ ಕ್ರಮವೆಂದರೆ ನೀರನ್ನು ಅಗರ್ ತಟ್ಟೆಯ ಮೇಲೆ ಸವರಿ, ಬೆಳೆದ ಚುಕ್ಕೆಗಳನ್ನು ಎಣಿಸುವುದು. ಸೂಕ್ಷ್ಮದರ್ಶಕದಲ್ಲಿ ಕಾಣುವ ಬ್ಯಾಕ್ಟೀರಿಯಾಗಳಲ್ಲಿ ಶೇ. 1ರಷ್ಟೂ ತಟ್ಟೆಯ ಮೇಲೆ ಬೆಳೆಯುವುದಿಲ್ಲ ಎಂಬುದು ಕಡಲ ಸೂಕ್ಷ್ಮಜೀವಿ ತಜ್ಞರಿಗೆ ಮೊದಲಿನಿಂದ ಗೊತ್ತಿದ್ದ, ನುಂಗಲಾರದ ಸತ್ಯ. ಅಗರ್ ಕೂಡ ಕಡಲಕಳೆಯಿಂದಲೇ ತೆಗೆದದ್ದು ಎಂಬುದು ಇಲ್ಲಿನ ತಮಾಷೆ.

ದಾರಿ ತೋರಿಸಿದವರು ಇಬ್ಬರು. ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಪ್ರೋಟೀನ್ ತಯಾರಿಸುವ ಯಂತ್ರವಾದ ರೈಬೋಸೋಮ್ ಇದೆ, ಅದರ ಒಂದು ಭಾಗದ ಅಕ್ಷರಗಳನ್ನು ಹೋಲಿಸಿ ಜೀವಿಗಳ ನೆಂಟಸ್ತಿಕೆ ಹೇಳಬಹುದು ಎಂದು 1977ರ ಹೊತ್ತಿಗೆ ಕಾರ್ಲ್ ವೋಸ್ ತೋರಿಸಿದರು. ಹಾಗಾದರೆ ಬ್ಯಾಕ್ಟೀರಿಯಾವನ್ನು ಸಾಕುವ ಗೋಜೇಕೆ, ನೀರಿನಿಂದ ನೇರವಾಗಿ ಆ ಜೀನನ್ನೇ ತೆಗೆದು ಓದಬಾರದೇಕೆ ಎಂದು 1980ರ ದಶಕದಲ್ಲಿ ಕೇಳಿದವರು ನಾರ್ಮನ್ ಪೇಸ್. ಆ ಜೀನಿನ ಹೆಸರು 16ಎಸ್, ಉದ್ದ ಸುಮಾರು 1,500 ಅಕ್ಷರ. ಪೇಸ್ ಜೊತೆ ಕೆಲಸ ಮಾಡಿದ್ದ ಸ್ಟೀಫನ್ ಜಿಯೊವನೋನಿ ತಮ್ಮ ಸಂಗಡಿಗರೊಂದಿಗೆ 1990ರಲ್ಲಿ ಅಟ್ಲಾಂಟಿಕ್‌ನ ಸರ್ಗಾಸೋ ಸಮುದ್ರದ ನೀರಿಗೆ ಇದನ್ನು ಅನ್ವಯಿಸಿದಾಗ ಯಾವ ಪುಸ್ತಕದಲ್ಲೂ ಇಲ್ಲದ ಬ್ಯಾಕ್ಟೀರಿಯಾ ಗುಂಪೊಂದು ಎದುರಾಯಿತು. ಎಸ್‌ಎಆರ್11 ಎಂದು ಹೆಸರಿಟ್ಟರು. ಆಮೇಲೆ ತಿಳಿದದ್ದೇನೆಂದರೆ, ಅದು ಭೂಮಿಯ ಮೇಲೆ ಅತಿ ಹೆಚ್ಚು ಸಂಖ್ಯೆಯಲ್ಲಿರುವ ಜೀವಿಗಳಲ್ಲೊಂದು. ಅಷ್ಟು ದಿನ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. 2002ರವರೆಗೆ ಯಾರ ಪ್ರಯೋಗಾಲಯದಲ್ಲೂ ಬೆಳೆದಿರಲಿಲ್ಲ. 2004ರಲ್ಲಿ ಕ್ರೇಗ್ ವೆಂಟರ್ ತಂಡ ಅದೇ ಸರ್ಗಾಸೋ ನೀರಿನಿಂದ 12 ಲಕ್ಷ ಹೊಸ ಜೀನ್‌ಗಳನ್ನು ಪಟ್ಟಿ ಮಾಡಿತು.

ಈಗ ಕೆಲ್ಪ್ ತೋಟಕ್ಕೆ ಬರೋಣ. ಸಂಶೋಧಕರು ದೋಣಿಯಲ್ಲಿ ಹೋಗಿ ಹಗ್ಗದ ಆಳದಿಂದ ಒಂದೆರಡು ಲೀಟರ್ ನೀರು ತುಂಬಿಕೊಳ್ಳುತ್ತಾರೆ. ಕೈಗವಸು ಕಡ್ಡಾಯ, ಬಾಟಲಿಯನ್ನು ಬ್ಲೀಚ್‌ನಲ್ಲಿ ತೊಳೆದಿರಬೇಕು. ನೀರನ್ನು 0.22 ಮೈಕ್ರಾನ್ ರಂಧ್ರದ ಫಿಲ್ಟರಿನ ಮೂಲಕ ಹಾಯಿಸುತ್ತಾರೆ. ಬ್ಯಾಕ್ಟೀರಿಯಾ, ಪಾಚಿಯ ಬೀಜಕ, ಚೂರುಪಾರು ಅಂಗಾಂಶ ಎಲ್ಲ ಅದರ ಮೇಲೆ ಉಳಿಯುತ್ತವೆ. ಫಿಲ್ಟರನ್ನು ಹೆಪ್ಪುಗಟ್ಟಿಸಿ ಪ್ರಯೋಗಾಲಯಕ್ಕೆ ಒಯ್ದು, ಕೋಶಗಳನ್ನು ಒಡೆದು, ಡಿಎನ್‌ಎ ಬೇರ್ಪಡಿಸುತ್ತಾರೆ. ಆಮೇಲಿನದು ಕೋವಿಡ್ ದೆಸೆಯಿಂದ ಮನೆಮಾತಾದ ಪಿಸಿಆರ್. 16ಎಸ್ ಜೀನಿನ ಒಂದು ತುಂಡನ್ನಷ್ಟೇ ಆರಿಸಿ ಕೋಟಿಗಟ್ಟಲೆ ನಕಲು ಮಾಡಿಸುವ ಈ ತಂತ್ರಕ್ಕಾಗಿ ಕ್ಯಾರಿ ಮುಲ್ಲಿಸ್ 1993ರ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡರು. ನಕಲುಗಳನ್ನು ಯಂತ್ರ ಓದುತ್ತದೆ. ಕಂಪ್ಯೂಟರು ಆ ಅಕ್ಷರಮಾಲೆಗಳನ್ನು ದತ್ತಕೋಶದ ಹೆಸರುಗಳೊಂದಿಗೆ ತಾಳೆ ಹಾಕುತ್ತದೆ. ಶಿಲೀಂಧ್ರದಂಥವು, ಡಯಾಟಮ್, ಸೂಕ್ಷ್ಮ ಪ್ರಾಣಿಗಳು ಬೇಕಿದ್ದರೆ 18ಎಸ್ ಎಂಬ ಇನ್ನೊಂದು ಜೀನನ್ನು ಓದಿದರಾಯಿತು. ದೋಣಿಯಲ್ಲಿ ಕಳೆದದ್ದು ಒಂದು ಬೆಳಗ್ಗೆ, ಫಲಿತಾಂಶ ನೂರಾರು, ಸಾವಿರಾರು ಹೆಸರುಗಳ ಪಟ್ಟಿ.

ಜೊತೆಗೆ ಶುದ್ಧ ನೀರು ತುಂಬಿದ ಬಾಟಲಿಯೊಂದನ್ನೂ ಕಡಲಿಗೆ ಒಯ್ದು, ಅದನ್ನೂ ಸೋಸಿ, ಅದಕ್ಕೂ ಪಿಸಿಆರ್ ಮಾಡುತ್ತಾರೆ. ಅದರಲ್ಲಿ ಏನಾದರೂ ಸಿಕ್ಕಿದರೆ ಅದು ಕಡಲಿನದಲ್ಲ, ಕೈಯದೋ ದೋಣಿಯದೋ ಪ್ರಯೋಗಾಲಯದ್ದೋ ಕೊಳೆ. ಹೊರಗಿನವರಿಗೆ ದಂಡದ ಕೆಲಸವೆಂದು ಕಾಣುವ ಈ ಖಾಲಿ ಬಾಟಲಿಯೇ ಇ-ಡಿಎನ್‌ಎ ವರದಿಯ ಮಾನ ಕಾಯುವುದು.

ಕೆಲ್ಪ್ ಕೆಲಸದಲ್ಲಿ ವಿಶೇಷವಾದ ಒಂದು ಕಿರಿಕಿರಿಯೂ ಇದೆ. ಹಸಿರು ಜೀವಿಗಳ, ಕಂದು ಪಾಚಿಗಳ ಹರಿತ್ಕಣಗಳ ಪೂರ್ವಜರು ಒಂದು ಕಾಲದ ಸ್ವತಂತ್ರ ಬ್ಯಾಕ್ಟೀರಿಯಾಗಳು. ಆದ್ದರಿಂದ ಅವುಗಳೊಳಗೆ ಇಂದಿಗೂ 16ಎಸ್ ಜೀನು ಉಳಿದಿದೆ. ಬ್ಯಾಕ್ಟೀರಿಯಾ ಹುಡುಕಲು ಹೋದ ಪಿಸಿಆರ್ ಕೆಲ್ಪ್‌ನ ಹರಿತ್ಕಣವನ್ನೂ ಬ್ಯಾಕ್ಟೀರಿಯಾ ಎಂದೇ ಎಣಿಸಿಬಿಡುತ್ತದೆ! ಎಲೆ ಸವರಿ ತೆಗೆದ ಮಾದರಿಗಳಲ್ಲಿ ಓದಿದ್ದರ ಬಹುಪಾಲು ಬರೀ ಕೆಲ್ಪ್‌ನದೇ ಆಗಿರುವುದುಂಟು. ಹರಿತ್ಕಣದ ಜೀನಿಗೆ ಅಂಟಿಕೊಂಡು ನಕಲಾಗದಂತೆ ತಡೆಯುವ ರಾಸಾಯನಿಕ ಬಳಸುತ್ತಾರೆ, ಇಲ್ಲವೇ ಕೊನೆಗೆ ಕಂಪ್ಯೂಟರಿನಲ್ಲಿ ಆ ಹೆಸರುಗಳನ್ನು ಜರಡಿ ಹಿಡಿದು ತೆಗೆಯುತ್ತಾರೆ.

ಮೇನ್ ರಾಜ್ಯದಲ್ಲಿ ಇದಕ್ಕೆಲ್ಲ ಬಲ ಬಂದದ್ದು 2019ರಲ್ಲಿ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಮೇನ್-ಇಡಿಎನ್‌ಎ ಎಂಬ ಐದು ವರ್ಷದ ಯೋಜನೆಗೆ 2 ಕೋಟಿ ಡಾಲರ್ ಮಂಜೂರು ಮಾಡಿತು. ಮೇನ್ ವಿಶ್ವವಿದ್ಯಾಲಯ ಮತ್ತು ಈಸ್ಟ್ ಬೂತ್‌ಬೇ ಊರಿನ ಬಿಗೆಲೋ ಸಾಗರ ವಿಜ್ಞಾನ ಪ್ರಯೋಗಾಲಯ ಅದರ ಮುಂದಾಳುಗಳು. ಮೀನಿನ ಸಂತತಿ, ವಿಷಪಾಚಿ, ಹೊರಗಿನಿಂದ ಬಂದು ನೆಲೆಸಿದ ಜೀವಿಗಳು, ಹೀಗೆ ಕರಾವಳಿಯ ಹತ್ತಾರು ಪ್ರಶ್ನೆಗಳಿಗೆ ನೀರಿನ ಡಿಎನ್‌ಎಯಿಂದ ಉತ್ತರ ಹುಡುಕುವ ದೊಡ್ಡ ಪ್ರಯತ್ನ ಅದು.

ಇಂಥ ಬಾಟಲಿ ಹಿಡಿದು ಕೆಲ್ಪ್ ತೋಟಕ್ಕೆ ಹೋದವರು ಕೇಳುವ ಪ್ರಶ್ನೆಗಳು ಸರಳವಾಗಿಯೇ ಇವೆ. ತೋಟದ ಒಳಗಿನ ನೀರಿಗೂ ಹೊರಗಿನ ನೀರಿಗೂ ವ್ಯತ್ಯಾಸವಿದೆಯೇ? ನವೆಂಬರಿನ ಪಟ್ಟಿ ಏಪ್ರಿಲ್ ಹೊತ್ತಿಗೆ ಹೇಗೆ ಬದಲಾಗುತ್ತದೆ? ಎಲೆಯ ಮೇಲೆ ನೆಲೆಸುವವರು ನೀರಿನಿಂದ ಬಂದವರೋ, ನರ್ಸರಿಯಿಂದ ದಾರದ ಜೊತೆಗೇ ಬಂದವರೋ? ಕೊನೆಯ ಪ್ರಶ್ನೆ ಬೆಳೆಗಾರನ ಜೇಬಿಗೆ ಸಂಬಂಧಪಟ್ಟದ್ದು. ರೋಗ ನರ್ಸರಿಯಿಂದಲೇ ಬರುತ್ತಿದ್ದರೆ ಅಲ್ಲಿಯ ನೀರನ್ನು ಇನ್ನಷ್ಟು ಶುದ್ಧ ಮಾಡಬಹುದು. ಕೊಲ್ಲಿಯ ನೀರಿನಿಂದ ಬರುತ್ತಿದ್ದರೆ ಜಾಗ ಬದಲಿಸುವುದು, ಬಿತ್ತನೆಯ ದಿನ ಮುಂದೂಡುವುದು, ಬೇಗ ಕೊಯ್ಯುವುದು ಬಿಟ್ಟರೆ ಬೇರೆ ದಾರಿಯಿಲ್ಲ. ಕಡಲಿಗೆ ಔಷಧಿ ಹೊಡೆಯಲು ಬರುವುದಿಲ್ಲವಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ನೀರು ತಂದುಕೊಟ್ಟರೆ ರೋಗದ ಹೆಸರು ಬರೆದುಕೊಡುತ್ತಾರೆ ಎಂದುಕೊಳ್ಳಬಾರದು. ಜಾತ್ರೆ ಮುಗಿದ ಬಯಲಿನಲ್ಲಿ ಬಿದ್ದ ಚಪ್ಪಲಿಗಳನ್ನು ನೋಡಿ ಯಾರ್ಯಾರು ಬಂದಿದ್ದರು ಎಂದು ಹೇಳಬಹುದು. ಸರ ಕದ್ದವರು ಯಾರು ಎಂದು ಹೇಳಲಾಗದು. ಡಿಎನ್‌ಎ ಇದೆ ಎಂದ ಮಾತ್ರಕ್ಕೆ ಅದರ ಒಡೆಯ ಜೀವಂತ ಇದ್ದಾನೆ ಎಂದಲ್ಲ. ಸತ್ತ ಕೋಶದಿಂದ ಹೊರಬಿದ್ದ ಡಿಎನ್‌ಎ ಕಡಲನೀರಿನಲ್ಲಿ ಕೆಲವು ಗಂಟೆಗಳಿಂದ ಕೆಲವು ದಿನ ಉಳಿಯುತ್ತದೆ. ಅಷ್ಟರಲ್ಲಿ ನೀರಿನ ಸೆಳೆತ ಅದನ್ನು ಎಲ್ಲಿಂದ ಎಲ್ಲಿಗೋ ಒಯ್ದಿರಬಹುದು. ಇನ್ನೊಂದು ತೊಡಕು ಲೆಕ್ಕದ್ದು. ಯಂತ್ರ ಕೊಡುವುದು ಪಾಲುಗಳನ್ನು, ಸಂಖ್ಯೆಯನ್ನಲ್ಲ. ಒಂದು ಬ್ಯಾಕ್ಟೀರಿಯಾದ ಪಾಲು ಶೇ. 5ರಿಂದ 10ಕ್ಕೆ ಏರಿದರೆ ಅದು ನಿಜವಾಗಿ ಹೆಚ್ಚಿರಬಹುದು, ಅಥವಾ ಉಳಿದವು ಕಡಿಮೆಯಾಗಿರಬಹುದು. 16ಎಸ್‌ನ ಸಣ್ಣ ತುಂಡು ಕುಲದ ಹೆಸರನ್ನು ಹೇಳುತ್ತದೆ, ಜಾತಿಯನ್ನು ಎಷ್ಟೋ ಸಲ ಹೇಳುವುದಿಲ್ಲ. ಸೂಡೋಆಲ್ಟೆರೋಮೊನಾಸ್ ಎಂಬ ಒಂದೇ ಕುಲದಲ್ಲಿ ಕೆಲ್ಪ್ ಕೊಳೆಸುವವರೂ ಇದ್ದಾರೆ, ಬೇರೆ ಬ್ಯಾಕ್ಟೀರಿಯಾಗಳನ್ನು ದೂರವಿಡುವ ರಾಸಾಯನಿಕ ತಯಾರಿಸುವವರೂ ಇದ್ದಾರೆ.

ಇದಕ್ಕೆ ಮದ್ದು ಇಲ್ಲದಿಲ್ಲ. ಡಿಎನ್‌ಎ ಬದಲು ಬೇಗ ನಾಶವಾಗುವ ಆರ್‌ಎನ್‌ಎ ಓದಿದರೆ ಬದುಕಿದ್ದು ಕೆಲಸ ಮಾಡುತ್ತಿರುವವರು ಯಾರೆಂದು ತಿಳಿಯುತ್ತದೆ. ಒಂದು ನಿರ್ದಿಷ್ಟ ಜೀನನ್ನು ಮಾತ್ರ, ಉದಾಹರಣೆಗೆ ಆಲ್ಜಿನೇಟ್ ಕತ್ತರಿಸುವ ಕಿಣ್ವದ ಜೀನನ್ನು, ಪರಿಮಾಣಾತ್ಮಕ ಪಿಸಿಆರ್‌ನಿಂದ ಎಣಿಸಬಹುದು. ಆದರೆ ಆರೋಪ ಸಾಬೀತಾಗಬೇಕಾದರೆ ಇವತ್ತಿಗೂ ಹಳೆಯ ದಾರಿಯೇ ಗತಿ: ಅನುಮಾನ ಬಂದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿ, ಆರೋಗ್ಯವಂತ ಕೆಲ್ಪ್‌ಗೆ ತಗುಲಿಸಿ, ಅದೇ ರೋಗ ಬರುತ್ತದೆಯೇ ನೋಡಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ರಾಬರ್ಟ್ ಕಾಖ್ ಹಾಕಿಕೊಟ್ಟ ಈ ನಿಯಮವನ್ನು ಯಾವ ಯಂತ್ರವೂ ತಳ್ಳಿಹಾಕಿಲ್ಲ.

ಪಟ್ಟಿಯನ್ನೇ ನಂಬಿ ಕೂರಬಾರದು ಎಂಬುದಕ್ಕೆ ಚೀನಾದ ಉದಾಹರಣೆ ಕಣ್ಣ ಮುಂದಿದೆ. ಶಾಂಡಾಂಗ್ ಪ್ರಾಂತ್ಯದ ರಾಂಗ್‌ಚೆಂಗ್ ಆ ದೇಶದ ದೊಡ್ಡ ಕೆಲ್ಪ್ ಸೀಮೆ. 2021ರ ಚಳಿಗಾಲದಲ್ಲಿ ಅಲ್ಲಿ ಹೊಸದಾಗಿ ಕಡಲಿಗಿಳಿಸಿದ ಕೆಲ್ಪ್ ಬಿಳಿಚಿ, ಕೊಳೆತು ಭಾರಿ ನಷ್ಟವಾಯಿತು. ಕೊಳೆತ ಎಲೆಯ ಮೇಲೆ ಬ್ಯಾಕ್ಟೀರಿಯಾ ಸಿಗುವುದು ಸಹಜ, ಅದನ್ನೇ ಕಾರಣ ಎಂದು ಹೇಳಿ ಕೈತೊಳೆದುಕೊಳ್ಳುವುದೂ ಸುಲಭ. ಆದರೆ ವಿಜ್ಞಾನಿಗಳ ತನಿಖೆ ಬೊಟ್ಟು ಮಾಡಿದ್ದು ನೀರಿನ ಕಡೆಗೆ. ಆ ವರ್ಷ ನೀರು ಎಂದಿಗಿಂತ ತಿಳಿಯಾಗಿತ್ತು, ಬೆಳಕು ಅತಿಯಾಗಿ ಒಳಗಿಳಿಯಿತು, ಸಾರಜನಕದ ಪೋಷಕಾಂಶ ತೀರಾ ಕಡಿಮೆಯಿತ್ತು. ಹಸಿದ ಕೆಲ್ಪ್ ಬಿಸಿಲಿಗೆ ಸಿಕ್ಕಿ ಸೋತಿತ್ತು. ಹಾಗಾಗಿ ಥರ್ಮಾಮೀಟರು, ಬೆಳಕಿನ ಮಾಪಕ, ನೈಟ್ರೇಟ್ ಪರೀಕ್ಷೆ ಇಲ್ಲದ ಬರೀ ಡಿಎನ್‌ಎ ಪಟ್ಟಿಗೆ ಕೆಲ್ಪ್ ತೋಟದಲ್ಲಿ ಅರ್ಧ ಬೆಲೆ ಮಾತ್ರ.

ಇಡೀ ಸಮುದಾಯವನ್ನು ಓದುವ ಗೊಡವೆ ಬಿಟ್ಟು ಒಂದೇ ಜೀವಿಯ ಬೆನ್ನು ಹತ್ತುವಾಗ ಇ-ಡಿಎನ್‌ಎ ಹೆಚ್ಚು ಖಚಿತವಾಗಿ ಕೆಲಸ ಮಾಡುತ್ತದೆ. ಮೆಂಬ್ರಾನಿಪೋರಾ ಎಂಬ ಪ್ರಾಣಿಸಮೂಹ ವಸಂತದ ಕೊನೆಗೆ ಕೆಲ್ಪ್ ಎಲೆಯ ಮೇಲೆ ಬಿಳಿ ಜಾಲರಿಯಂತೆ ಹಬ್ಬಿ ಎಲೆಯನ್ನು ಪೆಡಸು ಮಾಡುತ್ತದೆ. ಆಮೇಲೆ ಅದನ್ನು ತಿನ್ನುವ ಹಾಗಿಲ್ಲ, ಮಾರುವ ಹಾಗಿಲ್ಲ. ನಾರ್ವೆಯಿಂದ ಮೇನ್‌ವರೆಗೆ ಬೆಳೆಗಾರರು ಕೊಯ್ಲಿನ ದಿನ ನಿರ್ಧರಿಸುವುದು ಇದರ ಹೆದರಿಕೆಯಿಂದಲೇ. ಅದರ ಮರಿಗಳು ಎಲೆಗೆ ಅಂಟುವ ಮೊದಲು ನೀರಿನಲ್ಲಿ ತೇಲುತ್ತಿರುತ್ತವೆ. ಆಗಲೇ ಅವುಗಳ ಡಿಎನ್‌ಎ ಹಿಡಿದರೆ ಕೊಯ್ಲಿಗೆ ಮುನ್ಸೂಚನೆ ಸಿಕ್ಕೀತು. ಕೆಲ್ಪ್ ಆಹಾರವೂ ಆಗಿರುವುದರಿಂದ ಮನುಷ್ಯರಿಗೆ ಹೊಟ್ಟೆ ಕೆಡಿಸುವ ವಿಬ್ರಿಯೋ ಬ್ಯಾಕ್ಟೀರಿಯಾ ಇದೆಯೇ ಎಂದು ಅದೇ ಬಾಟಲಿಯ ನೀರಿನಲ್ಲಿ ಹುಡುಕಬಹುದು.

ಕಡಲಕಳೆ ಬೇಸಾಯದಲ್ಲಿ ಕಣ್ಣಿಗೆ ಕಾಣದ್ದನ್ನು ಕಂಡದ್ದರಿಂದ ಬದುಕು ಬದಲಾದ ಉದಾಹರಣೆ ಹಿಂದೆಯೂ ಇದೆ. ಸುಶಿ ಸುತ್ತುವ ನೋರಿ ಕೆಂಪು ಪಾಚಿ, ಕೆಲ್ಪ್ ಅಲ್ಲ. ಎರಡನೆಯ ಮಹಾಯುದ್ಧದ ನಂತರ ಜಪಾನಿನಲ್ಲಿ ಅದರ ಬೆಳೆ ಕೈಕೊಟ್ಟಿತ್ತು, ಬೇಸಿಗೆಯಲ್ಲಿ ನೋರಿ ಎಲ್ಲಿಗೆ ಹೋಗುತ್ತದೆ ಎಂಬುದು ಯಾರಿಗೂ ತಿಳಿದಿರಲಿಲ್ಲ. ಅದರ ಹತ್ತಿರದ ಬಂಧುವೊಂದು ಬೇಸಿಗೆಯನ್ನು ಚಿಪ್ಪುಗಳೊಳಗೆ ಸೂಕ್ಷ್ಮ ಎಳೆಯಾಗಿ ಕಳೆಯುತ್ತದೆ ಎಂದು 1949ರಲ್ಲಿ ತೋರಿಸಿದವರು ಇಂಗ್ಲೆಂಡಿನ ಕ್ಯಾಥ್ಲೀನ್ ಡ್ರೂ-ಬೇಕರ್. ಆ ಅರಿವಿನಿಂದ ನೋರಿ ಬೇಸಾಯವನ್ನು ಉಳಿಸಿದ, ಜಪಾನಿಗೆ ಒಮ್ಮೆಯೂ ಹೋಗದ ಈ ಮಹಿಳೆಗೆ ಅಲ್ಲಿನ ಉಟೋ ಎಂಬ ಊರಿನಲ್ಲಿ ಸ್ಮಾರಕವಿದೆ. ಪ್ರತಿ ಏಪ್ರಿಲ್ 14ರಂದು ಕಡಲ ತಾಯಿ ಎಂದು ಅವರನ್ನು ನೆನೆಯುತ್ತಾರೆ.

ಭಾರತದಲ್ಲಿ ಕೆಲ್ಪ್ ಬೆಳೆಯದಿದ್ದರೂ ಕಡಲಕಳೆ ಬೇಸಾಯವಿದೆ. ತಮಿಳುನಾಡಿನ ರಾಮನಾಥಪುರದ ಸುತ್ತ ಸ್ವಸಹಾಯ ಸಂಘದ ಮಹಿಳೆಯರು ಬಿದಿರಿನ ತೆಪ್ಪಗಳಲ್ಲಿ ಕಪ್ಪಾಫೈಕಸ್ ಎಂಬ ಕೆಂಪು ಪಾಚಿ ಬೆಳೆಯುತ್ತಾರೆ. 2013ರ ಸುಮಾರಿಗೆ ಅದು ಸಾಮೂಹಿಕವಾಗಿ ಸತ್ತು ಉತ್ಪಾದನೆ ಕುಸಿಯಿತು. ನೀರು ಬಿಸಿಯಾಗಿ ಪಾಚಿ ಬಳಲಿದಾಗ ಕೊಂಬೆಗಳು ಬೆಳ್ಳಗಾಗಿ ಮುರಿದು ಬೀಳುವ, ಐಸ್-ಐಸ್ ಎಂದು ಕರೆಯುವ ರೋಗ ಈ ಬೆಳೆಯನ್ನು ಬೆಳೆಯುವ ಹಲವು ದೇಶಗಳಲ್ಲಿ ಇದೆ. ಅಲ್ಲೂ ವಿಬ್ರಿಯೋದಂಥ ಬ್ಯಾಕ್ಟೀರಿಯಾಗಳು ಸಮಯ ಕಾದು ಕೂತಿರುತ್ತವೆ. ಕೇಂದ್ರ ಸರ್ಕಾರ ಮತ್ಸ್ಯ ಸಂಪದ ಯೋಜನೆಯಡಿ ಕಡಲಕಳೆಗೆ ದುಡ್ಡು ಸುರಿಯುತ್ತಿದೆ, ರಾಮನಾಥಪುರದಲ್ಲಿ ಕಡಲಕಳೆ ಪಾರ್ಕಿಗೆ ಶಂಕುಸ್ಥಾಪನೆಯಾಗಿದೆ, 11 ಲಕ್ಷ ಟನ್ ಮೀರಿದ ಗುರಿಯನ್ನೂ ಘೋಷಿಸಲಾಗಿತ್ತು. ಕರ್ನಾಟಕ ಸೇರಿದಂತೆ ಕರಾವಳಿ ರಾಜ್ಯಗಳಲ್ಲಿ ಸೂಕ್ತ ಜಾಗ ಗುರುತಿಸುವ ಕೆಲಸವೂ ನಡೆದಿದೆ.

ವಿದ್ಯೆ ನಮ್ಮಲ್ಲಿಲ್ಲ ಎನ್ನಲು ಬರುವುದಿಲ್ಲ. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳು ಒಡಿಶಾದ ಚಿಲಿಕಾ ಸರೋವರದ ನೀರಿನಲ್ಲಿ ಇ-ಡಿಎನ್‌ಎ ಓದಿ ಅಲ್ಲಿನ ಜೀವವೈವಿಧ್ಯವನ್ನು ಪಟ್ಟಿ ಮಾಡಿದ್ದಾರೆ. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರಗಳು ಮಂಗಳೂರಿನಲ್ಲೂ ಕಾರವಾರದಲ್ಲೂ ಇವೆ. ಬೇಸಾಯ ಶುರುವಾಗುವ ಮುಂಚಿನ ನೀರು ಹೇಗಿತ್ತು ಎಂದು ಗೊತ್ತಿಲ್ಲದಿದ್ದರೆ ರೋಗ ಬಂದ ಮೇಲಿನ ಪಟ್ಟಿಯನ್ನು ಯಾವುದಕ್ಕೂ ಹೋಲಿಸಲಾಗುವುದಿಲ್ಲ. ಹಾಗಾಗಿ ನಮ್ಮ ಕರಾವಳಿಯ ಯಾವುದೇ ಅಳಿವೆಯಲ್ಲಿ ಮೊದಲ ಹಗ್ಗ ಇಳಿಸುವುದಕ್ಕೆ ಕನಿಷ್ಠ ಒಂದು ವರ್ಷ ಮುಂಚೆ, ಮಳೆಗಾಲವೂ ಸೇರಿದಂತೆ, ತಿಂಗಳಿಗೊಮ್ಮೆ ನೀರು ಸೋಸಿ ಫಿಲ್ಟರುಗಳನ್ನು ಫ್ರೀಜರಿನಲ್ಲಿಡುವ ಕೆಲಸವನ್ನು ಮೀನುಗಾರಿಕೆ ಇಲಾಖೆ ಈಗಲೇ ಕೈಗೆತ್ತಿಕೊಳ್ಳಬೇಕು.